ನಿಯಮದ ಮರೆಯಲ್ಲಿ ವರ್ಣಭೇದ

ದುಡಿಯುವ ಸ್ಥಳದಲ್ಲಿ ವರ್ಣಭೇದ ಇನ್ನೂ ಉಂಟೇ ಎಂದು ಕೇಳಿದರೆ ಬಹುಮಂದಿ ಮೊದಲು ಹುಡುಕುವುದು ದ್ವೇಷ ತುಂಬಿದ ಒಬ್ಬ ಮನುಷ್ಯನನ್ನು. ಬಣ್ಣ ಹಿಡಿದು ಬೈಯುವ ಮೇಲಧಿಕಾರಿ ಕಾಣದಿದ್ದರೆ ಭೇದವೂ ಇಲ್ಲವೆಂದು ಸಮಾಧಾನಪಡುತ್ತಾರೆ. ಈ ಸಮಾಧಾನ ಎಷ್ಟು ಟೊಳ್ಳೆಂಬುದನ್ನು ಅಮೆರಿಕದ ಒಂದು ವಿದ್ಯುದಾಗಾರದ ಚರಿತ್ರೆ ತೋರಿಸಿಕೊಡುತ್ತದೆ.

ಉತ್ತರ ಕೆರೊಲೈನಾದ ಡ್ರೇಪರ್ ಎಂಬ ಊರಿನಲ್ಲಿ ಡ್ಯೂಕ್ ಪವರ್ ಕಂಪನಿಗೆ ಸೇರಿದ ಡ್ಯಾನ್ ರಿವರ್ ವಿದ್ಯುದಾಗಾರವಿತ್ತು. ಕಲ್ಲಿದ್ದಲು ಸುಟ್ಟು ವಿದ್ಯುತ್ತು ತೆಗೆಯುವುದು ಅದರ ಕೆಲಸ. ಅಲ್ಲಿಯ 95 ನೌಕರರಲ್ಲಿ ಕಪ್ಪು ಜನ 14 ಮಂದಿ. ವಿಭಾಗಗಳು ಐದಿದ್ದರೂ ಇವರಿಗೆ ಎಟಕುತ್ತಿದ್ದುದು ಒಂದೇ, ಗುಡಿಸುವ ಸಾರಿಸುವ ಕೂಲಿಯ ವಿಭಾಗ. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಪಡೆಯುವವನಿಗೂ ಉಳಿದ ನಾಲ್ಕು ವಿಭಾಗಗಳ ಅತಿ ಸಣ್ಣ ನೌಕರನಷ್ಟು ಹಣ ಸಿಗುತ್ತಿರಲಿಲ್ಲ.

1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದಿತು. ಉದ್ಯೋಗದಲ್ಲಿ ವರ್ಣಭೇದವನ್ನು ನಿಷೇಧಿಸಿದ ಅದರ ಭಾಗ ಜಾರಿಗೆ ಬಂದುದು 1965ರ ಜುಲೈ 2ರಂದು. ಕಂಪನಿ ಅಂದೇ ಹಳೆಯ ನಿರ್ಬಂಧವನ್ನು ಕೈಬಿಟ್ಟಿತು. ಅಂದೇ ಹೊಸದೊಂದು ನಿಯಮವನ್ನೂ ತಂದಿತು. ಒಳ್ಳೆಯ ವಿಭಾಗಗಳಿಗೆ ಹೊಸದಾಗಿ ಸೇರುವವರು ಹೈಸ್ಕೂಲು ಮುಗಿಸಿರಬೇಕು, ಜೊತೆಗೆ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಒಂದು ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆ, ಇನ್ನೊಂದು ಯಂತ್ರಜ್ಞಾನದ್ದು. ಮೊದಲೇ ಸೇರಿದ್ದವರಿಗೆ, ಸರ್ಟಿಫಿಕೇಟು ಇಲ್ಲದಿದ್ದರೆ ಪರೀಕ್ಷೆಯಾದರೂ ಆಗಲಿ ಎಂದು ಸೆಪ್ಟೆಂಬರಿನಲ್ಲಿ ಸಡಿಲಿಸಲಾಯಿತು. ಕಾಯಿದೆ ಚಾಪೆಯ ಕೆಳಗೆ ತೂರಿದರೆ ನಿಯಮ ರಂಗೋಲಿಯ ಕೆಳಗೆ ತೂರಿತು.

ಹೊಸ ನಿಯಮದಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ 1960ರ ಜನಗಣತಿಯಂತೆ ಆ ರಾಜ್ಯದ ಬಿಳಿಯ ಗಂಡಸರಲ್ಲಿ ಹೈಸ್ಕೂಲು ಮುಗಿಸಿದವರು ಶೇಕಡಾ 34, ಕಪ್ಪು ಗಂಡಸರಲ್ಲಿ 12 ಮಾತ್ರ. ಬೇರೆ ಶಾಲೆ, ಕೀಳು ಶಾಲೆ ಕೊಟ್ಟು ಬೆಳೆಸಿದ ಮಕ್ಕಳನ್ನು ದೊಡ್ಡವರಾದ ಮೇಲೆ ಸರ್ಟಿಫಿಕೇಟು ಎಲ್ಲಿ ಎಂದು ಕೇಳಿದಂತಾಯಿತು. ಅತ್ತ, ನಿಯಮಕ್ಕೆ ಮುಂಚೆ ಸೇರಿದ್ದ ಬಿಳಿಯರು ಸರ್ಟಿಫಿಕೇಟಿಲ್ಲದೆಯೇ ಚೆನ್ನಾಗಿ ಕೆಲಸ ಮಾಡುತ್ತ ಬಡ್ತಿಯನ್ನೂ ಪಡೆಯುತ್ತಿದ್ದರು. ಕೆಲಸಕ್ಕೆ ಬೇಡವಾದುದು ಆಯ್ಕೆಗೆ ಮಾತ್ರ ಏಕೆ ಬೇಕಾಯಿತು?

ಹದಿಮೂರು ಮಂದಿ ಕಪ್ಪು ಕೆಲಸಗಾರರು ನ್ಯಾಯಾಲಯಕ್ಕೆ ಹೋದರು. ವಿಲ್ಲಿ ಗ್ರಿಗ್ಸ್ ಎಂಬಾತನ ಹೆಸರಿನಿಂದ ಮೊಕದ್ದಮೆ ಪ್ರಸಿದ್ಧವಾಗಿದೆ. ನಿಯಮದ ಹಿಂದೆ ದುರುದ್ದೇಶವಿಲ್ಲವೆಂದು ಕೆಳಗಿನ ನ್ಯಾಯಾಲಯಗಳು ಕಂಪನಿಯ ಪಕ್ಷವನ್ನೇ ಎತ್ತಿಹಿಡಿದವು. ಹೈಸ್ಕೂಲು ಮುಗಿಸಬಯಸುವ ನೌಕರರ ಶುಲ್ಕದಲ್ಲಿ ಮೂರರಲ್ಲಿ ಎರಡು ಪಾಲನ್ನು ಕಂಪನಿಯೇ ಕೊಡುತ್ತಿತ್ತೆಂಬುದೂ ನಿಜ. ಆದರೆ 1971ರ ಮಾರ್ಚ್ 8ರಂದು ಅಮೆರಿಕದ ಸುಪ್ರೀಂ ಕೋರ್ಟು, ಮುಖ್ಯ ನ್ಯಾಯಾಧೀಶ ವಾರನ್ ಬರ್ಗರ್ ಬರೆದ ಒಮ್ಮತದ ತೀರ್ಪಿನಲ್ಲಿ, ಉದ್ದೇಶ ಒಳ್ಳೆಯದಾಗಿದ್ದರೆ ಸಾಲದು, ಪರಿಣಾಮವನ್ನೂ ನೋಡಬೇಕು ಎಂದಿತು. ಒಂದು ಜನಾಂಗವನ್ನು ಹೊರಗಿಡುವ ಪರೀಕ್ಷೆ ಆ ಕೆಲಸಕ್ಕೆ ನಿಜವಾಗಿ ಬೇಕೆಂದು ತೋರಿಸುವ ಹೊಣೆ ಮಾಲೀಕನದೇ ಆಯಿತು. ಕೆಲಸಗಾರ ಇನ್ನೊಬ್ಬನ ಅಂತರಂಗವನ್ನು ಬಗೆದು ತೋರಿಸಬೇಕಾದ ಅಸಾಧ್ಯ ಕರ್ತವ್ಯದಿಂದ ಪಾರಾದನು.

ಈ ತತ್ತ್ವದ ಹಾದಿ ಸುಗಮವಾಗಿಯೇನೂ ಇರಲಿಲ್ಲ. 1989ರಲ್ಲಿ ಅದೇ ಕೋರ್ಟು ಇದನ್ನು ಕುಗ್ಗಿಸಿತು. 1991ರಲ್ಲಿ ಕಾಂಗ್ರೆಸ್ಸು ಕಾಯಿದೆಯಲ್ಲೇ ಬರೆದು ಉಳಿಸಿತು. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್, ಪರಿಣಾಮವನ್ನು ಆಧರಿಸಿದ ಇಂಥ ಹೊಣೆಯ ಜಾರಿಯನ್ನು ಹಿಂದಕ್ಕೆ ಸರಿಸುವಂತೆ ಕೇಂದ್ರ ಇಲಾಖೆಗಳಿಗೆ ಆಜ್ಞೆ ಹೊರಡಿಸಿದರು.

ಹಾಗಾದರೆ ರೋಗ ವಾಸಿಯಾಗಿತ್ತೇ? ಬಾಸ್ಟನ್ ಮತ್ತು ಷಿಕಾಗೋ ನಗರಗಳ ಕೆಲಸದ ಜಾಹೀರಾತುಗಳಿಗೆ ಇಬ್ಬರು ಅರ್ಥಶಾಸ್ತ್ರಜ್ಞರು ಕಲ್ಪಿತ ವ್ಯಕ್ತಿಗಳ ಸುಮಾರು 5,000 ಅರ್ಜಿಗಳನ್ನು ಕಳುಹಿಸಿ, ಫಲವನ್ನು 2004ರಲ್ಲಿ ಪ್ರಕಟಿಸಿದರು. ಯೋಗ್ಯತೆ ಸಮಾನ, ಹೆಸರು ಮಾತ್ರ ಬೇರೆ. ಬಿಳಿಯರದೆಂದು ತೋರುವ ಹೆಸರಿಗೆ ಸುಮಾರು ಹತ್ತು ಅರ್ಜಿಗೆ ಒಂದು ಕರೆ ಬಂದರೆ, ಕಪ್ಪು ಜನರದೆಂದು ತೋರುವ ಹೆಸರಿಗೆ ಹದಿನೈದಕ್ಕೆ ಒಂದು ಬಂದಿತು. 108 ದೊಡ್ಡ ಕಂಪನಿಗಳಿಗೆ ಸುಮಾರು 83,000 ಅರ್ಜಿ ಕಳುಹಿಸಿದ ಇನ್ನೊಂದು ಅಧ್ಯಯನ 2022ರಲ್ಲಿ ಹೊರಬಂದಿತು. ಅದರಲ್ಲೂ ಅಂತರ ಕಂಡಿತು. ಆದರೆ ತಪ್ಪಿಹೋದ ಕರೆಗಳಲ್ಲಿ ಅರ್ಧದಷ್ಟಕ್ಕೆ ಐದರಲ್ಲೊಂದು ಪಾಲು ಕಂಪನಿಗಳೇ ಕಾರಣವಾಗಿದ್ದವು.

ಈ ಕೊನೆಯ ಸಂಗತಿ ಗಮನಾರ್ಹ. ಭೇದ ಎಲ್ಲೆಡೆ ಒಂದೇ ಪ್ರಮಾಣದಲ್ಲಿಲ್ಲವೆಂದ ಮೇಲೆ, ಅದು ಮನುಷ್ಯಸ್ವಭಾವದ ಅಳಿಯದ ಬರಹವೆಂದು ಕೈಚೆಲ್ಲಿ ಕೂರುವಂತಿಲ್ಲ. ಆಯ್ಕೆಯ ಕ್ರಮವನ್ನು ಮಾಡಿದವರು ಅದನ್ನು ತಿದ್ದಲೂ ಬಲ್ಲರು. ಡ್ರೇಪರಿನ ಹದಿಮೂರು ಮಂದಿ ಕೇಳಿದುದೂ ಇಷ್ಟನ್ನೇ: ಈ ಪರೀಕ್ಷೆಗೂ ನಾವು ಮಾಡಬೇಕಾದ ಕೆಲಸಕ್ಕೂ ಏನು ಸಂಬಂಧ?