ವಿಧವೆ ಎಲಿನೋರ್‌ಳ ಜಮೀನು ಕಾಗದ

1914ರಲ್ಲಿ ಅಮೆರಿಕದ ಹೌಟನ್ ಮಿಫ್ಲಿನ್ ಪ್ರಕಾಶನ ‘ಲೆಟರ್ಸ್ ಆಫ್ ಎ ವುಮನ್ ಹೋಮ್‌ಸ್ಟೆಡರ್’ ಎಂಬ ಪುಸ್ತಕ ತಂದಿತು. ಮೊದಲಿಗೇ ಪ್ರಕಾಶಕರದೊಂದು ಪುಟ್ಟ ಟಿಪ್ಪಣಿ. ಈ ಪತ್ರಗಳನ್ನು ಬರೆದಾಕೆ ರೈಲು ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವಳು, ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಡೆನ್ವರ್ ನಗರಕ್ಕೆ ಬಂದು, ಕಂಡವರ ಮನೆ ಗುಡಿಸಿ, ಬಟ್ಟೆ ಒಗೆದು ಬದುಕಿದವಳು, ಪತ್ರಗಳು ಅಸಲಿ. ಓದುಗರು ನಂಬಿದರು. ನಂಬದಿರಲು ಕಾರಣವೂ ಇರಲಿಲ್ಲ.

ಆಕೆ ಎಲಿನೋರ್ ಪ್ರೂಯಿಟ್ ರೂಪರ್ಟ್. 1909ರಲ್ಲಿ ಮಗಳು ಜೆರೀನ್ ಜೊತೆ ವಯೋಮಿಂಗ್‌ನ ಬರ್ನ್ಟ್‌ಫೋರ್ಕ್‌ಗೆ ಹೋಗಿ, ಕ್ಲೈಡ್ ಸ್ಟೀವರ್ಟ್ ಎಂಬ ದನಗಾರನ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ರೈಲು ಕಾಣಬೇಕಾದರೆ 60 ಮೈಲಿ ಬಂಡಿ ಹೊಡೆಯಬೇಕಾದ ಊರು ಅದು. ಅಲ್ಲಿಂದ ಡೆನ್ವರ್‌ನ ತನ್ನ ಹಳೆಯ ಯಜಮಾನಿ, ನಿವೃತ್ತ ಶಿಕ್ಷಕಿ ಜೂಲಿಯಟ್ ಕೋನಿಗೆ ಪತ್ರ ಬರೆಯತೊಡಗಿದಳು. ಪಕ್ಕದ ಸರ್ಕಾರಿ ಜಮೀನಿಗೆ ತನ್ನ ಹೆಸರಲ್ಲೇ ದರಖಾಸ್ತು ಹಾಕಿದ್ದನ್ನು ಎಷ್ಟು ಸಂಭ್ರಮದಿಂದ ಹೇಳಿಕೊಳ್ಳುತ್ತಾಳೆಂದರೆ, ಆ ಪುಟ ಓದುವಾಗ ನಮಗೂ ಹುಮ್ಮಸ್ಸು ಬರುತ್ತದೆ.

1862ರ ಹೋಮ್‌ಸ್ಟೆಡ್ ಕಾಯ್ದೆಯ ಮಹತ್ವ ಇರುವುದೇ ಇಲ್ಲಿ. 160 ಎಕರೆಗೆ ಅರ್ಜಿ ಹಾಕಲು ಗಂಡಸೇ ಆಗಬೇಕೆಂದಿರಲಿಲ್ಲ. 21 ದಾಟಿದ ಅವಿವಾಹಿತೆ, ವಿಧವೆ, ಗಂಡನಿಂದ ಬೇರೆಯಾಗಿ ಸಂಸಾರ ನಡೆಸುವವಳು ಯಾರಾದರೂ ಹಾಕಬಹುದಿತ್ತು. ಗಂಡನ ಜೊತೆ ಬಾಳುತ್ತಿರುವ ಹೆಂಡತಿ ಮಾತ್ರ ಹಾಕುವಂತಿರಲಿಲ್ಲ. ಅರ್ಜಿ ಹಾಕಿದವರು ಆ ನೆಲದ ಮೇಲೆಯೇ ಮನೆ ಕಟ್ಟಿ ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದರೆ ಹಕ್ಕುಪತ್ರ ಸಿಗುತ್ತಿತ್ತು.

ಇನ್ನು ದಾಖಲೆಗಳು. ಇತಿಹಾಸಕಾರ್ತಿ ಶೆರಿ ಸ್ಮಿತ್ 1991ರ ಲೇಖನದಲ್ಲಿ ಎಲಿನೋರ್‌ಳ ಜಮೀನು ಕಾಗದಗಳನ್ನು ಬಿಡಿಸಿಟ್ಟರು. ಮರುವರ್ಷ ಸುಸಾನ್ ಜಾರ್ಜ್ ಆಕೆಯ ಜೀವನಚರಿತ್ರೆಯನ್ನೂ ಉಳಿದ ಪತ್ರಗಳನ್ನೂ ಪುಸ್ತಕ ಮಾಡಿದರು. ಇವರಿಬ್ಬರ ಬೆನ್ನು ಹಿಡಿದು ಹೋದರೆ ಒಂದೊಂದೇ ಗಂಟು ಬಿಚ್ಚುತ್ತದೆ. ಮೊದಲ ಗಂಡ ಹ್ಯಾರಿ ರೂಪರ್ಟ್ ಸತ್ತಿರಲೇ ಇಲ್ಲ, ಆಗಿದ್ದು ವಿಚ್ಛೇದನ. ಇನ್ನು ಕ್ಲೈಡ್ ಜೊತೆಗಿನ ಮದುವೆ ನಡೆದದ್ದು 1909ರ ಮೇ ತಿಂಗಳಲ್ಲಿ, ದರಖಾಸ್ತು ಹಾಕಿ ಇನ್ನೂ ವಾರ ಕಳೆಯುವಷ್ಟರಲ್ಲಿ. ಕೋನಿಯವರಿಗೆ ಈ ಸುದ್ದಿ ತಿಳಿಸಿದ್ದು ಮಾತ್ರ ಮರುವರ್ಷ.

ಪತ್ರವೊಂದರಲ್ಲಿ ಆಕೆ ತನ್ನ ಮನೆಯ ವಿಚಾರ ಹೇಳುತ್ತಾಳೆ. ಅದನ್ನು ಕ್ಲೈಡ್‌ನ ಮನೆಗೇ ಗೋಡೆ ಸೇರಿಸಿ ಕಟ್ಟಿದ್ದಂತೆ, ಜಮೀನನ್ನೂ ಕೆಲಸವನ್ನೂ ಒಟ್ಟಿಗೆ ಉಳಿಸಿಕೊಳ್ಳಲು. ಓದುವಾಗ ಜಾಣತನವೆನಿಸುತ್ತದೆ. ಆದರೆ ಗಂಡ ಹೆಂಡತಿ ಎರಡು ಜಮೀನಿನ ಮೇಲೆ ಎರಡು ವಾಸ ತೋರಿಸುವುದನ್ನು ಕಾನೂನು ಒಪ್ಪುತ್ತಿರಲಿಲ್ಲ. 1912ರಲ್ಲಿ ಎಲಿನೋರ್ ತನ್ನ ಹಕ್ಕು ಬಿಟ್ಟುಕೊಟ್ಟಳು. ಅದೇ ನೆಲಕ್ಕೆ ಅತ್ತೆ ರೂತ್ ಸ್ಟೀವರ್ಟ್ ದರಖಾಸ್ತು ಹಾಕಿದರು, ಹಕ್ಕುಪತ್ರವೂ ಅವರ ಹೆಸರಿಗೇ ಬಂತು. ನಗರಗಳಲ್ಲಿ ಬಟ್ಟೆ ಒಗೆದು ಸವೆಯುವ ಬಡ ಹೆಂಗಸರೆಲ್ಲ ಬಂದು ಜಮೀನು ಹಿಡಿಯಿರಿ ಎಂದು ಕರೆಯುವ ಆಕೆಯ ಪ್ರಸಿದ್ಧ ಪತ್ರದ ದಿನಾಂಕ 1913ರ ಜನವರಿ. ಆಗ ಆ ನೆಲ ಆಕೆಯದಾಗಿರಲಿಲ್ಲ.

ಹಾಗಾದರೆ ಸುಳ್ಳುಗಾತಿಯೇ? ನಾನು ಹಾಗೆ ಕರೆಯಲಾರೆ. ಗಂಡ ಸತ್ತವಳಿಗೆ ಸಿಗುತ್ತಿದ್ದ ಕನಿಕರ, ಗೌರವ ಗಂಡನನ್ನು ಬಿಟ್ಟವಳಿಗೆ ಅಂದು ಸಿಗುತ್ತಿರಲಿಲ್ಲ. ಜನಗಣತಿಯವರು ಬಾಗಿಲಿಗೆ ಬಂದಾಗ ವಿಚ್ಛೇದಿತೆಯರು ವಿಧವೆಯೆಂದು ಬರೆಸುತ್ತಿದ್ದುದು ಆ ಕಾಲದ ಅಮೆರಿಕದಲ್ಲಿ ಅಪರೂಪವಲ್ಲ.

ಪಟ್ಟ ಪಾಡಂತೂ ಸುಳ್ಳಲ್ಲ. ಈ ಮದುವೆಯ ಮೊದಲ ಗಂಡುಮಗು ಹಸುಳೆಯಾಗಿದ್ದಾಗಲೇ ತೀರಿಕೊಂಡಿತು. ಹಿಂದೆ ಬಡಗಿ ಕೆಲಸ ಮಾಡಿದ್ದ ಕ್ಲೈಡ್ ತಾನೇ ಶವಪೆಟ್ಟಿಗೆ ಮಾಡಿದ. ಪಾದ್ರಿ ಸಿಗುವಂತಿರಲಿಲ್ಲ, ಪ್ರಾರ್ಥನೆಯನ್ನು ತಾಯಿಯೇ ನಡೆಸಿದಳು. 1912ರ ಡಿಸೆಂಬರ್‌ನ ಪತ್ರದಲ್ಲಿ ಇದನ್ನು ಬರೆದಿರುವ ಕೈ ಬೇರೆ ಯಾರದೂ ಅಲ್ಲ. ಆ ಮಗು ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳನ್ನು ಹೆತ್ತಳು, ಹುಲ್ಲು ಕೊಯ್ದಳು, ಹಾಲು ಕರೆದಳು, 1933ರಲ್ಲಿ ಸಾಯುವವರೆಗೂ ಬರೆದಳು.

ನನ್ನ ತಕರಾರು ಇರುವುದು ಆ ಟಿಪ್ಪಣಿಯ ಬಗ್ಗೆ. ಕಾಗದಗಳು ಹೊರಬಂದು ಮೂರು ದಶಕ ಕಳೆದರೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಹಳೆಯ ಮುದ್ರಣದಲ್ಲಿ ರೈಲು ಅಪಘಾತ ಹಾಗೆಯೇ ಇದೆ. ಪುಸ್ತಕವನ್ನು ಖಂಡಿತ ಓದಿ, ಅಂಥ ಪತ್ರಗಳು ಅಪರೂಪ. ಆದರೆ ಜೊತೆಗೆ ಸುಸಾನ್ ಜಾರ್ಜ್ ಬರೆದ ಜೀವನಚರಿತ್ರೆಯನ್ನೂ ತೆಗೆದುಕೊಂಡು ಓದಿ.