ಒಬ್ಬ ಮನುಷ್ಯನ ಹೆಸರಿನಲ್ಲಿ ಆಣೆ: ಹಿಟ್ಲರನ ಕಾಲದ ಜರ್ಮನ್ ಜನರು, ಸೈನಿಕರು, ಬೋಧಕರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಸಭಾಪಾಲನೆ ಮಾಡಿದವರಿಗೆ ಸೈನಿಕರ ಮನೆಗಳ ಪರಿಚಯ ಬೇಕಾಗಿಲ್ಲ. ಕಬ್ಬು, ತಂಬಾಕಿನ ಹೊಲಗಳ ನಡುವಿನ ಈ ಊರುಗಳ ಹುಡುಗರು ಭರ್ತಿಗೆಂದು ಬೆಳಗಾವಿಗೆ ಹೋಗುವುದು ತಲೆಮಾರುಗಳಿಂದ ಬಂದ ರೂಢಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದೆ. ತರಬೇತಿ ಮುಗಿದ ದಿನ ಕಸಂ ಪರೇಡ್ ನಡೆಯುತ್ತದೆ. ತನ್ನ ಧರ್ಮಗ್ರಂಥದ ಸಾಕ್ಷಿಯಾಗಿ, ಧರ್ಮಗುರುವಿನ ಸಮ್ಮುಖದಲ್ಲಿ, ಹೊಸ ಸಿಪಾಯಿಯು ಭಾರತದ ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಪ್ರಮಾಣ ಮಾಡುತ್ತಾನೆ. ಯಾವ ಪ್ರಧಾನಿಯ ಹೆಸರೂ ಯಾವ ಸೇನಾಪತಿಯ ಹೆಸರೂ ಆ ಪ್ರಮಾಣದಲ್ಲಿಲ್ಲ. ಇದನ್ನು ನಾವು ಸಹಜವೆಂದು ಭಾವಿಸಿ ಮುಂದೆ ಹೋಗುತ್ತೇವೆ. ಹಾಗೆ ಮುಂದೆ ಹೋಗಲಾಗದಂತೆ ತಡೆಯುವ ಒಂದು ಚರಿತ್ರೆಯಿದೆ. ಅದು ಜರ್ಮನಿಯದಾದರೂ ಅದರ ಎರಡು ಎಳೆಗಳು ನಮ್ಮ ಸೀಮೆಯವರೆಗೆ ಚಾಚಿವೆ. ಒಂದು ನಮಗೆ ಸುವಾರ್ತೆಯನ್ನೂ ಅಚ್ಚುಕೂಟವನ್ನೂ ತಂದ ಬಾಸೆಲ್ ಮಿಷನ್ನಿನದು. ಇನ್ನೊಂದು ಬೆಳಗಾವಿಯಿಂದ ಹೊರಟ ಪಲ್ಟಣಗಳದು.

1934ರ ಆಗಸ್ಟ್ 2ರಂದು ಜರ್ಮನಿಯ ವೃದ್ಧ ಅಧ್ಯಕ್ಷ ಹಿಂಡೆನ್‌ಬುರ್ಗ್ ತೀರಿಕೊಂಡನು. ಅದೇ ದಿನ ಸೈನ್ಯದ ಪ್ರತಿಜ್ಞೆಯ ಮಾತುಗಳು ಬದಲಾದವು. ಅದಕ್ಕೆ ಮೊದಲು ಸೈನಿಕನು ತನ್ನ ಜನಕ್ಕೂ ನಾಡಿಗೂ ನಿಷ್ಠೆಯನ್ನು ಸಲ್ಲಿಸುತ್ತಿದ್ದನು. ಇನ್ನು ಮುಂದೆ ಅಡಾಲ್ಫ್ ಹಿಟ್ಲರನೆಂಬ ಒಬ್ಬ ಮನುಷ್ಯನಿಗೆ ಯಾವ ಷರತ್ತೂ ಇಲ್ಲದ ವಿಧೇಯತೆಯನ್ನು ದೇವರ ಹೆಸರಿನಲ್ಲಿ ಸಲ್ಲಿಸಬೇಕಾಯಿತು. ಮುಂದಿನ ಹನ್ನೊಂದು ವರ್ಷಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ಮಂದಿ ಆ ಸೈನ್ಯದಲ್ಲಿ ದುಡಿದರು. ಅವರಲ್ಲಿ ಬಹುಪಾಲು ದೀಕ್ಷಾಸ್ನಾನ ಹೊಂದಿದವರು. 1933ರಲ್ಲಿ ಆರೂವರೆ ಕೋಟಿ ಜರ್ಮನರಲ್ಲಿ ಸುಮಾರು ನಾಲ್ಕು ಕೋಟಿ ಪ್ರಾಟೆಸ್ಟಂಟರು, ಎರಡು ಕೋಟಿ ಕಥೋಲಿಕರು ಇದ್ದರು. ಅಂದಮೇಲೆ ಈ ಚರಿತ್ರೆಯನ್ನು ದೇವರನ್ನರಿಯದವರ ಚರಿತ್ರೆಯೆಂದು ಓದುವಂತಿಲ್ಲ. ಇದು ಸಭೆಯ ಚರಿತ್ರೆಯ ಒಂದು ಅಧ್ಯಾಯ.

ಸಾಮಾನ್ಯ ಜರ್ಮನನು ರಾಕ್ಷಸನಾಗಿದ್ದನೇ? ಹಾಗಿದ್ದರೆ ನಮಗೆ ಕಲಿಯುವುದಕ್ಕೆ ಏನೂ ಇರುತ್ತಿರಲಿಲ್ಲ. 1933ರ ಆರಂಭದಲ್ಲಿ ಅಲ್ಲಿ ಅರವತ್ತು ಲಕ್ಷ ಜನರಿಗೆ ಕೆಲಸವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕೆಲಸ ಸಿಕ್ಕಿತು, ಮನೆಗೆ ಅಗ್ಗದ ರೇಡಿಯೋ ಬಂದಿತು, ಸೋತ ದೇಶ ತಲೆಯೆತ್ತಿತೆಂಬ ಹೆಮ್ಮೆ ಹುಟ್ಟಿತು. ಅದೇ ವರ್ಷಗಳಲ್ಲಿ ಪಕ್ಕದ ಮನೆಯ ಯೆಹೂದ್ಯ ವೈದ್ಯನ ಫಲಕ ಇಳಿಯಿತು, ಅವನ ಮಕ್ಕಳು ಶಾಲೆಗೆ ಬರುವುದು ನಿಂತಿತು, ಕೊನೆಗೆ ಆ ಕುಟುಂಬವೇ ಕಾಣದಾಯಿತು. ಅವರ ಮೇಜು, ಮಂಚ, ಹಾಸಿಗೆಗಳು ಹರಾಜಿಗೆ ಬಂದಾಗ ಕೊಳ್ಳಲು ನಿಂತವರು ಅದೇ ಬೀದಿಯ ಗೃಹಿಣಿಯರು. ಗುಪ್ತ ಪೊಲೀಸರಾದ ಗೆಸ್ಟಾಪೊದವರ ಸಂಖ್ಯೆ ಜನ ಭಾವಿಸಿದಷ್ಟು ದೊಡ್ಡದಾಗಿರಲಿಲ್ಲ. ಅವರ ಕೆಲಸವನ್ನು ಹಗುರ ಮಾಡಿದ್ದು ನೆರೆಹೊರೆಯವರು ಬರೆದ ಚಾಡಿಪತ್ರಗಳು. ದ್ವೇಷಕ್ಕಿಂತ ಹೆಚ್ಚಾಗಿ, ತನ್ನ ಪಾಡಿಗೆ ತಾನಿದ್ದು ಲಾಭವನ್ನು ಬೇಡವೆನ್ನದ ಮನಸ್ಸು ಅಲ್ಲಿ ಕೆಲಸ ಮಾಡಿತೆಂದೇ ನಮ್ಮ ತಿಳಿವಳಿಕೆ.

ಬೋಧಕರ ಮಾತಿಗೆ ಬರೋಣ. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವು ಜರ್ಮನ್ ಪ್ರಸಂಗಪೀಠಗಳಿಂದ ಎಷ್ಟು ಸಲ ಕೇಳಿಬಂದಿರಬಹುದೋ, ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯ ಅಷ್ಟು ಸಲ ಕೇಳಿಬರಲಿಲ್ಲ. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಊರಿನಲ್ಲಿ ಕೂಡಿದ ಅರಿಕೆಯ ಸಭೆಯು ಕ್ರಿಸ್ತನೊಬ್ಬನೇ ಸಭೆಗೆ ದೇವರ ವಾಕ್ಯವೆಂದು ಸಾರಿದ್ದನ್ನು ನಾವು ತರಗತಿಯಲ್ಲಿ ಓದುತ್ತೇವೆ. ಅದರ ಕರಡನ್ನು ಬಹುಮಟ್ಟಿಗೆ ಬರೆದ ಕಾರ್ಲ್ ಬಾರ್ತ್ ಪ್ರಾಧ್ಯಾಪಕನಾಗಿ ಹಿಟ್ಲರನ ಹೆಸರಿನ ಪ್ರತಿಜ್ಞೆಯನ್ನು ಷರತ್ತಿಲ್ಲದೆ ಮಾಡಲು ಒಪ್ಪದೆ, 1935ರಲ್ಲಿ ಬಾನ್ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡು ಬಾಸೆಲಿಗೆ ಹೋದದ್ದೂ ನಮಗೆ ಗೊತ್ತು. ಆದರೆ 1938ರಲ್ಲಿ ನಡೆದದ್ದನ್ನು ಪಠ್ಯಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆ ವರ್ಷ ಹಿಟ್ಲರನ ಹುಟ್ಟುಹಬ್ಬಕ್ಕೆ ಕಾಣಿಕೆಯಾಗಿ ಬೋಧಕರೆಲ್ಲರೂ ಅವನಿಗೆ ನಿಷ್ಠೆಯ ಪ್ರತಿಜ್ಞೆ ಮಾಡಬೇಕೆಂದು ಸಭೆಯ ಆಡಳಿತದ ಮುಖ್ಯಸ್ಥ ವೆರ್ನರ್ ಆಜ್ಞೆ ಹೊರಡಿಸಿದನು. ಬಹುಪಾಲು ಬೋಧಕರು ಪ್ರತಿಜ್ಞೆ ಮಾಡಿದರು. ಅರಿಕೆಯ ಸಭೆಯವರೂ ತಿಂಗಳುಗಟ್ಟಲೆ ಚರ್ಚಿಸಿ ಕೊನೆಗೆ ದಾರಿ ಬಿಟ್ಟರು. ಆ ಬಳಿಕ ನಾಜಿ ಪಕ್ಷದ ಬೋರ್ಮನನ ಒಂದು ಪತ್ರ ಹೊರಬಿದ್ದಿತು. ಬೋಧಕರ ಈ ಪ್ರತಿಜ್ಞೆಯನ್ನು ಪಕ್ಷವು ಕೇಳಿಯೇ ಇರಲಿಲ್ಲ, ಅದು ಸಭೆಯ ಒಳಗಿನ ವಿಷಯ, ಅದಕ್ಕೆ ಬೆಲೆಯಿಲ್ಲ ಎಂಬುದು ಅದರ ಸಾರ. ಕೇಳದವನಿಗೆ ಕೊಟ್ಟ ಕಾಣಿಕೆ ಅದು! ಸೈನಿಕನಿಗೆ ತಲೆಯ ಮೇಲೆ ಕತ್ತಿಯಿತ್ತು. ಬೋಧಕನಿಗೆ ಇದ್ದದ್ದು ಹುದ್ದೆಯ ಭಯ. ತಾನೇ ಆಣೆಯಿಟ್ಟ ಬೋಧಕನು ತನ್ನ ಸಭೆಯ ಹುಡುಗನಿಗೆ ಆಣೆಯ ವಿಷಯದಲ್ಲಿ ಏನು ಬುದ್ಧಿ ಹೇಳಿಯಾನು?

ಇಲ್ಲಿ ವ್ಯುರ್ಟೆಂಬರ್ಗ್ ಸೀಮೆಯನ್ನು ಹೆಸರಿಸಬೇಕು. ಬಾಸೆಲ್ ಮಿಷನ್ನಿನ ಕೇಂದ್ರ ಸ್ವಿಟ್ಜರ್‌ಲೆಂಡಿನಲ್ಲಿದ್ದರೂ ಅದರ ಮಿಷನರಿಗಳಲ್ಲಿ ಹೆಚ್ಚಿನವರು ಬಂದದ್ದು ದಕ್ಷಿಣ ಜರ್ಮನಿಯ ಆ ಸೀಮೆಯ ಭಕ್ತಿವಂತ ಮನೆಗಳಿಂದ. ಮಂಗಳೂರ ಸಮಾಚಾರವನ್ನು ಹೊರಡಿಸಿದ ಹೆರ್ಮನ್ ಮ್ಯೋಗ್ಲಿಂಗ್ ಅಲ್ಲಿಯವನು. ನಿಘಂಟುಕಾರ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಬೇರೆಡೆಯಾದರೂ 1903ರಲ್ಲಿ ಕಣ್ಮುಚ್ಚಿದ್ದು ಅಲ್ಲಿಯ ಟ್ಯೂಬಿಂಗನ್ನಿನಲ್ಲಿ. ಅದೇ ಟ್ಯೂಬಿಂಗನ್ನಿನಲ್ಲಿ ಮುಂದೆ ಹೊಸ ಒಡಂಬಡಿಕೆಯ ಪ್ರಾಧ್ಯಾಪಕನಾದ ಗೆರ್ಹಾರ್ಡ್ ಕಿಟ್ಟೆಲ್ ಬೇರೊಬ್ಬನು. ನಮ್ಮ ಗ್ರಂಥಾಲಯದಲ್ಲಿ ಸಾಲಾಗಿ ನಿಂತಿರುವ ಹೊಸ ಒಡಂಬಡಿಕೆಯ ದೇವಶಾಸ್ತ್ರೀಯ ನಿಘಂಟನ್ನು ಆರಂಭಿಸಿದವನು. ಅವನು 1933ರಲ್ಲಿ ನಾಜಿ ಪಕ್ಷವನ್ನು ಸೇರಿ, ಯೆಹೂದ್ಯರ ಹಕ್ಕುಗಳನ್ನು ಕಸಿಯುವುದನ್ನು ಸಮರ್ಥಿಸಿ ಪುಸ್ತಕ ಬರೆದನು. ನಾವು ಅವನ ನಿಘಂಟನ್ನು ತೆರೆಯುವಾಗ ಈ ಸಂಗತಿಯೂ ನೆನಪಿನಲ್ಲಿರಬೇಕು. ಯಾಕೋಬ್ ವಿಲ್ಹೆಲ್ಮ್ ಹೌವರನ ಕಥೆ ಇನ್ನೂ ಹತ್ತಿರದ್ದು. 1907ರಿಂದ 1911ರವರೆಗೆ ಬಾಸೆಲ್ ಮಿಷನ್ನಿನ ಮಿಷನರಿಯಾಗಿ ಭಾರತದಲ್ಲಿದ್ದವನು, ಸಂಸ್ಕೃತ ಕಲಿತು ಟ್ಯೂಬಿಂಗನ್ನಿನಲ್ಲಿ ಪ್ರಾಧ್ಯಾಪಕನಾದನು. ಕಡೆಗೆ ಕ್ರಿಸ್ತನನ್ನೇ ಬಿಟ್ಟು, ರಕ್ತ ಮತ್ತು ಜನಾಂಗವನ್ನು ಪೂಜಿಸುವ 'ಜರ್ಮನ್ ನಂಬಿಕೆಯ ಚಳವಳಿ'ಗೆ ನಾಯಕನಾದನು. ಒಂದೇ ಮಿಷನ್ನಿನಿಂದ ಕನ್ನಡಕ್ಕೆ ಕಿಟ್ಟೆಲನೂ ಹಿಟ್ಲರನಿಗೆ ಹೌವರನೂ ದೊರೆತರು.

ಅದೇ ಸೀಮೆಯ ಒಬರ್‌ಲೆನ್ನಿಂಗನ್ ಎಂಬ ಹಳ್ಳಿಯಲ್ಲಿ ಯುಲಿಯುಸ್ ಫಾನ್ ಯಾನ್ ಎಂಬ ಬೋಧಕನಿದ್ದನು. 1938ರ ನವೆಂಬರಿನಲ್ಲಿ ದೇಶದ ಉದ್ದಗಲಕ್ಕೆ ಸಿನಗಾಗುಗಳು ಸುಟ್ಟವು. ವಾರದೊಳಗೆ, ನವೆಂಬರ್ 16ರಂದು, ಪಶ್ಚಾತ್ತಾಪ ದಿನದ ಆರಾಧನೆ ಬಂದಿತು. ಆ ದಿನಕ್ಕೆ ನೇಮಕವಾಗಿದ್ದ ಪಾಠ ಯೆರೆಮೀಯನ 22ನೆಯ ಅಧ್ಯಾಯ. ಅವನು ಪಾಠವನ್ನು ಬದಿಗಿಡದೆ, ನಡೆದದ್ದನ್ನು ಪಾಪವೆಂದು ಹೆಸರಿಟ್ಟು ಕರೆದನು. ಒಂಬತ್ತು ದಿನಗಳ ಮೇಲೆ ಹೊರಗಿನಿಂದ ಬಂದ ಗುಂಪು ಅವನನ್ನು ಹೊಡೆದು ಬೀದಿಯಲ್ಲಿ ಎಳೆದಾಡಿತು. ಬಳಿಕ ನ್ಯಾಯಾಲಯ ಹದಿನಾರು ತಿಂಗಳ ಸೆರೆ ವಿಧಿಸಿತು. ಸಭೆಯ ಮೇಲಾಡಳಿತ ಅವನ ಬೆನ್ನಿಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಅವನು ಯಾವ ಸಂಘಟನೆಯ ನಾಯಕನೂ ಅಲ್ಲ, ಹಳ್ಳಿಯ ಬೋಧಕ. ಅವನಿಂದ ಹೆಚ್ಚು ದೂರವಿಲ್ಲದ ಗ್ರಾಫೆನೆಕ್ ಎಂಬಲ್ಲಿ, ಕ್ರೈಸ್ತ ಸೇವಾಸಂಸ್ಥೆಯೊಂದರಿಂದ ಕಸಿದುಕೊಂಡ ಕಟ್ಟಡದಲ್ಲಿ, 1940ರ ಒಂದೇ ವರ್ಷದಲ್ಲಿ 10,654 ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ವಿಷದ ಗಾಳಿಯಿಂದ ಕೊಲ್ಲಲಾಯಿತು. ಬೂದು ಬಣ್ಣದ ಬಸ್ಸುಗಳು ಬರುವುದನ್ನೂ ಹೊಗೆ ಏಳುವುದನ್ನೂ ಸುತ್ತಲ ಊರವರು ಕಂಡರು. ಅಲ್ಲಿಯ ಬಿಷಪ್ ಥಿಯೊಫಿಲ್ ವುರ್ಮ್ ಜುಲೈ 19ರಂದು ಗೃಹಮಂತ್ರಿಗೆ ಪ್ರತಿಭಟನೆಯ ಪತ್ರ ಬರೆದನು. ಅದು ಧೈರ್ಯದ ಪತ್ರವೇ ಸರಿ. ಆದರೆ ಸಿನಗಾಗುಗಳು ಉರಿದಾಗ ಅಂತಹ ಪತ್ರ ಹೊರಡಲಿಲ್ಲ.

ಇನ್ನು ಸೈನಿಕರು. ಆಜ್ಞೆ ಮೀರಿದರೆ ಗುಂಡೇ ಗತಿಯೆಂದು ಯುದ್ಧಾನಂತರ ಸಾವಿರಾರು ಮಂದಿ ಹೇಳಿಕೊಂಡರು. 1942ರ ಜುಲೈ 13ರಂದು ಪೋಲೆಂಡಿನ ಯೂಜೆಫುಫ್ ಎಂಬಲ್ಲಿ ನಡೆದದ್ದು ಈ ಮಾತನ್ನು ಪರೀಕ್ಷೆಗೆ ಒಡ್ಡುತ್ತದೆ. ಹ್ಯಾಂಬರ್ಗಿನ ನಡುವಯಸ್ಸಿನ ಸಾಮಾನ್ಯರಿಂದ ಕೂಡಿದ 101ನೆಯ ಮೀಸಲು ಪೊಲೀಸ್ ಪಡೆಯ ಸುಮಾರು ಐನೂರು ಮಂದಿಯ ಮುಂದೆ ಮೇಜರ್ ಟ್ರಾಪ್ ಕಣ್ಣೀರಿಡುತ್ತಾ, ಊರಿನ ಯೆಹೂದ್ಯ ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುವ ಆಜ್ಞೆ ಬಂದಿದೆ, ಹಿರಿಯರಲ್ಲಿ ಆಗದವರು ಹೊರಗೆ ಬರಬಹುದು ಎಂದನು. ಹೊರಬಂದವರು ಹತ್ತು ಹನ್ನೆರಡು ಮಂದಿ. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಸಂಜೆಯೊಳಗೆ ಸುಮಾರು 1,500 ಮಂದಿ ಸತ್ತಿದ್ದರು. ಉಳಿದವರಲ್ಲಿ ಅನೇಕರನ್ನು ಸಾಲಿನಲ್ಲಿ ನಿಲ್ಲಿಸಿದ್ದು ಆಣೆಯೂ ಅಲ್ಲ, ಗುಂಡಿನ ಭಯವೂ ಅಲ್ಲ. ಜೊತೆಯವರ ಕಣ್ಣಿನಲ್ಲಿ ಹೇಡಿಯಾಗುವ ನಾಚಿಕೆ.

ಇದಕ್ಕೆ ಒಂದು ವರ್ಷ ಮೊದಲು, 1941ರ ಆಗಸ್ಟ್‌ನಲ್ಲಿ, ಉಕ್ರೇನಿನ ಬೀಲಾ ತ್ಸೆರ್ಕ್ವಾ ಪಟ್ಟಣದಲ್ಲಿ ನಡೆದದ್ದನ್ನು ಪ್ರತಿಯೊಬ್ಬ ವೇದವಿದ್ಯಾರ್ಥಿಯೂ ಓದಬೇಕೆಂದು ನಮ್ಮ ಅಭಿಪ್ರಾಯ. ತಂದೆತಾಯಿಗಳನ್ನು ಆಗಲೇ ಕೊಂದಾಗಿತ್ತು. ಸುಮಾರು ತೊಂಬತ್ತು ಯೆಹೂದ್ಯ ಮಕ್ಕಳನ್ನು ಒಂದು ಮನೆಯಲ್ಲಿ ಅನ್ನನೀರಿಲ್ಲದೆ ಕೂಡಿಹಾಕಲಾಗಿತ್ತು. ಅಳು ಕೇಳಿದ ಸಿಪಾಯಿಗಳು ತಮ್ಮ ಸೇನಾಪಾದ್ರಿಗಳ ಬಳಿಗೆ ಹೋದರು. ಕಥೋಲಿಕ ಪಾದ್ರಿ ಎರ್ನ್ಸ್ಟ್ ಟೇವೆಸ್, ಪ್ರಾಟೆಸ್ಟಂಟ್ ಪಾದ್ರಿ ಗೆರ್ಹಾರ್ಡ್ ವಿಲ್ಚೆಕ್ ಇಬ್ಬರೂ ಕೂಡಿ ಹೋಗಿ ಕಣ್ಣಾರೆ ಕಂಡು, ಮೇಲಿನ ಪಾದ್ರಿಗಳಿಗೆ ತಿಳಿಸಿದರು. ವರದಿಗಳು ಲೆಫ್ಟಿನೆಂಟ್ ಕರ್ನಲ್ ಹೆಲ್ಮುಟ್ ಗ್ರೋಸ್ಕುರ್ಟನ ಕೈಸೇರಿದವು. ಅವನು ಬೋಧಕರೊಬ್ಬರ ಮಗ. ಅವನು ಕೊಲೆಯನ್ನು ತಡೆಹಿಡಿಸಿ, ವಿಷಯವನ್ನು ಸೇನೆಯ ಮುಖ್ಯ ಕಚೇರಿಗೆ ಮುಟ್ಟಿಸಿದನು. ಫೀಲ್ಡ್ ಮಾರ್ಷಲ್ ರೈಖೆನಾವ್ ಕೊಟ್ಟ ಉತ್ತರವೆಂದರೆ ಆರಂಭಿಸಿದ ಕೆಲಸ ಮುಗಿಯಲಿ ಎಂಬುದು. ಆಗಸ್ಟ್ 22ರಂದು ಮಕ್ಕಳನ್ನು ಕೊಂದರು.

ಈ ಘಟನೆಯಲ್ಲಿ ನಮ್ಮನ್ನು ಕಾಡುವುದು ವರದಿಗಳ ಭಾಷೆ. ಮಕ್ಕಳನ್ನು ಕೊಲ್ಲುವುದು ಪಾಪವೆಂಬ ಮಾತಿಗಿಂತ, ಇದನ್ನು ನೋಡಿ ನಮ್ಮ ಸೈನಿಕರ ಮನಸ್ಸು ಕದಡಿದೆಯೆಂಬ ಮಾತಿಗೆ ಅಲ್ಲಿ ಹೆಚ್ಚು ಜಾಗ. ಬೇರೆ ಮಾತು ಮೇಲಿನವರ ಕಿವಿಗೆ ಬೀಳದೆಂದು ಪಾದ್ರಿಗಳು ಬಲ್ಲರು. ಅವರನ್ನು ನಾವು ಹೀಗಳೆಯುತ್ತಿಲ್ಲ. ಆ ಪಟ್ಟಣದಲ್ಲಿದ್ದ ಸಮವಸ್ತ್ರದವರಲ್ಲಿ ಬಾಗಿಲು ತಟ್ಟಿದವರು ಅವರೇ. ಆದರೂ ಸುವಾರ್ತೆಯ ಸೇವಕನೊಬ್ಬನು ಸುವಾರ್ತೆಯ ಮಾತುಗಳನ್ನು ಕಿಸೆಯಲ್ಲಿಟ್ಟು ಸೇನೆಯ ಮಾತುಗಳಲ್ಲಿ ಬೇಡಬೇಕಾಗಿ ಬಂದದ್ದು ಒಂದೇ ದಿನದಲ್ಲಿ ಆದ ಬದಲಾವಣೆಯಲ್ಲ. ಅದರ ಅಭ್ಯಾಸ 1934ರಲ್ಲೇ ಆರಂಭವಾಗಿತ್ತು. ಆಸ್ಟ್ರಿಯದ ರೈತ, ದೇವಾಲಯದ ಸೇವಕ, ಮೂವರು ಹೆಣ್ಣುಮಕ್ಕಳ ತಂದೆ ಫ್ರಾಂಟ್ಸ್ ಯಾಗರ್‌ಸ್ಟೆಟರ್ ಹಿಟ್ಲರನಿಗಾಗಿ ಯುದ್ಧ ಮಾಡಲಾರೆನೆಂದಾಗ, ಸ್ವತಃ ಬಿಷಪ್ಪನೇ ಸಂಸಾರವನ್ನು ನೆನೆ ಎಂದು ಬುದ್ಧಿ ಹೇಳಿದ್ದೂ ಆ ಅಭ್ಯಾಸದ ಬಲದಿಂದಲೇ. ಅವನ ತಲೆಯನ್ನು 1943ರ ಆಗಸ್ಟ್ 9ರಂದು ಕಡಿದರು.

ಇದೇ ಯುದ್ಧಕ್ಕೆ ಬೆಳಗಾವಿಯಿಂದಲೂ ಪಲ್ಟಣಗಳು ಹೋಗಿದ್ದವು. ಮರಾಠಾ ದಳದ ಸಿಪಾಯಿಗಳು ಇಟಲಿಯಲ್ಲಿ ಜರ್ಮನರೊಡನೆ ಹೋರಾಡಿದರು. ಟೈಬರ್ ಕಣಿವೆಯಲ್ಲಿ 1944ರ ಜುಲೈ 10ರಂದು ಮಡಿದ ಯಶವಂತ ಘಾಡಗೆಗೆ ವಿಕ್ಟೋರಿಯ ಕ್ರಾಸ್ ಸಂದಿತು. ಅದಕ್ಕೂ ಮೊದಲು, 1942ರ ಜೂನ್ 21ರಂದು, ಟೊಬ್ರುಕ್ ಬಿದ್ದಾಗ ಮರಾಠಾ ದಳದ ಎರಡನೆಯ ಪಲ್ಟಣವು ಸೆರೆಯಾಗಿತ್ತು. ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯರ ಮುಂದೆ ಅದೇ ಪ್ರತಿಜ್ಞೆ ಬಂದು ನಿಂತಿತು. ಜರ್ಮನಿಯಲ್ಲಿ ಕಟ್ಟಲಾದ ಆಜಾದ್ ಹಿಂದ್ ದಳಕ್ಕೆ ಸೇರಿದವರು ದೇವರ ಹೆಸರಿನಲ್ಲಿ ಇಟ್ಟ ಆಣೆಯೊಳಗೆ ಸುಭಾಷಚಂದ್ರ ಬೋಸರ ಹೆಸರಿನೊಡನೆ ಹಿಟ್ಲರನ ಹೆಸರೂ ಇತ್ತು. ನೇತಾಜಿಯವರ ದೇಶಪ್ರೇಮವನ್ನು ನಾವು ಪ್ರಶ್ನಿಸುವುದಿಲ್ಲ. ಸೇರಿದ ಸುಮಾರು 3,000 ಮಂದಿಯೂ ಹಿಟ್ಲರನ ಮೇಲಿನ ಮಮತೆಯಿಂದ ಸೇರಿದವರಲ್ಲ. ಸೆರೆಯಲ್ಲಿದ್ದ ಬಹುಪಾಲು ಭಾರತೀಯರು ಸೇರಲಿಲ್ಲ. ಅವರನ್ನು ಮನಸ್ಸಾಕ್ಷಿಯ ವೀರರೆಂದು ಕರೆಯಲು ನಾವು ಅವಸರಪಡಬಾರದು. ಅನೇಕರನ್ನು ತಡೆದದ್ದು ಆಂಗ್ಲ ಅರಸನಿಗೆ ಮೊದಲೇ ಕೊಟ್ಟ ಮಾತು. ಅದೇ ಆಗಸ್ಟ್‌ನಲ್ಲಿ ಅವರ ಸ್ವಂತ ಜಿಲ್ಲೆಯಲ್ಲಿ ಆ ಅರಸನ ಆಳಿಕೆಯ ವಿರುದ್ಧ ಚಲೇಜಾವ್ ಚಳವಳಿ ನಡೆದಿತ್ತು. ಒಂದು ಆಣೆ ಇನ್ನೊಂದನ್ನು ತಡೆಯಿತು. ಎರಡರಲ್ಲಿಯೂ ಒಬ್ಬ ಮನುಷ್ಯನ ಹೆಸರಿತ್ತು. ಹೆಸರಿಲ್ಲದ ಪ್ರತಿಜ್ಞೆಗೆ ನಮ್ಮ ಸಿಪಾಯಿ 1950ರವರೆಗೆ, ಸಂವಿಧಾನ ಜಾರಿಗೆ ಬರುವವರೆಗೆ, ಕಾಯಬೇಕಾಯಿತು.

1945ರ ಅಕ್ಟೋಬರಿನಲ್ಲಿ ಜರ್ಮನ್ ಪ್ರಾಟೆಸ್ಟಂಟ್ ಮುಖಂಡರು ಸ್ಟುಟ್‌ಗಾರ್ಟಿನಲ್ಲಿ ಕೂಡಿದರು. ನಮ್ಮ ಮಿಷನರಿಗಳ ಸೀಮೆಯ ರಾಜಧಾನಿಯದು. ತಾವು ಇನ್ನಷ್ಟು ಧೈರ್ಯದಿಂದ ಸಾಕ್ಷಿ ನುಡಿಯಲಿಲ್ಲ, ಇನ್ನಷ್ಟು ನಂಬಿಗಸ್ತಿಕೆಯಿಂದ ಪ್ರಾರ್ಥಿಸಲಿಲ್ಲ ಎಂದು ಅವರು ಅರಿಕೆ ಮಾಡಿದರು. ಬಿಷಪ್ ವುರ್ಮ್ ಸಹಿ ಹಾಕಿದನು, ಎಂಟು ವರ್ಷ ಸೆರೆಯಲ್ಲಿದ್ದ ನೀಮ್ಯೊಲ್ಲರನೂ ಸಹಿ ಹಾಕಿದನು. ಫಾನ್ ಯಾನ್ ಒಬರ್‌ಲೆನ್ನಿಂಗನ್ನಿನ ತನ್ನ ಸಭೆಗೆ ಮರಳಿದನು. ಸ್ಟುಟ್‌ಗಾರ್ಟಿನ ಆ ಅರಿಕೆಯಲ್ಲಿ ಯೆಹೂದ್ಯರ ಹೆಸರು ಒಮ್ಮೆಯೂ ಬರುವುದಿಲ್ಲ.