ಕ್ಯಾರವಾನ್ ವಾಹನಗಳಲ್ಲಿ ದೂರಪ್ರಯಾಣ: ಮಾರ್ಗದ ಆಯ್ಕೆ, ಟೋಲ್ ಶುಲ್ಕ, ಸಂಚಾರ ನಿರ್ಬಂಧ ಹಾಗೂ ಅಡುಗೆ ಅನಿಲ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮಲಗುವ ಹಾಗೂ ಅಡುಗೆ ಮಾಡುವ ಸೌಕರ್ಯವುಳ್ಳ ವಾಹನಗಳಲ್ಲಿ ಕುಟುಂಬ ಸಮೇತ ಪ್ರವಾಸ ಕೈಗೊಳ್ಳುವವರ ಸಂಖ್ಯೆಯು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಇಂತಹ ವಾಹನಗಳ ನೋಂದಣಿ, ಮಾರ್ಪಾಡು ಹಾಗೂ ರಹದಾರಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಪ್ರಯಾಣದ ಮಾರ್ಗದ ಬಗ್ಗೆಯೂ ವಿಚಾರಿಸುವುದು ವಾಡಿಕೆ. ಅವರ ಅನುಕೂಲಕ್ಕಾಗಿ ಬೆಂಗಳೂರಿನಿಂದ ಮೈಸೂರು, ಗುಂಡ್ಲುಪೇಟೆ ಮಾರ್ಗವಾಗಿ ನೀಲಗಿರಿಗೆ ಹೋಗುವ ಪ್ರಯಾಣವನ್ನು ಉದಾಹರಣೆಯಾಗಿರಿಸಿಕೊಂಡು ಈ ಮಾಹಿತಿಯನ್ನು ನೀಡಲಾಗಿದೆ. ಟೋಲ್, ಅರಣ್ಯದ ರಾತ್ರಿ ನಿರ್ಬಂಧ, ಘಟ್ಟ, ನೆರೆರಾಜ್ಯದ ಪ್ರವೇಶ ನಿಯಮ ಇವೆಲ್ಲವೂ ಈ ಒಂದೇ ಮಾರ್ಗದಲ್ಲಿ ಎದುರಾಗುತ್ತವೆ.

ಹೊರಡುವ ಮುನ್ನ: ನೋಂದಣಿ ಪತ್ರ

ಖಾಸಗಿ ಬಳಕೆಯ ಮೋಟಾರು ಕ್ಯಾರವಾನ್ ಸಾರಿಗೇತರ ವಾಹನವಾಗಿದ್ದು, ಅದಕ್ಕೆ ರಹದಾರಿಯ ಅಗತ್ಯವಿಲ್ಲ. ಬಾಡಿಗೆಗೆ ನೀಡುವ ಕ್ಯಾರವಾನ್ ಸಾರಿಗೆ ವಾಹನವೆನಿಸುತ್ತದೆ. ಅಂತಹ ವಾಹನವು ಹೊರರಾಜ್ಯ ಪ್ರವೇಶಿಸಬೇಕಾದರೆ 2023ರ ಅಖಿಲ ಭಾರತ ಪ್ರವಾಸಿ ವಾಹನ ನಿಯಮಗಳ ಅನ್ವಯ ರಹದಾರಿ ಪಡೆದಿರತಕ್ಕದ್ದು. ಬಿಳಿಯ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಪಡೆದು ಹೊರಟವರು ಗಡಿಯಲ್ಲಿ ತೊಂದರೆಗೊಳಗಾಗುವುದಲ್ಲದೆ, ಅಪಘಾತವಾದಲ್ಲಿ ವಿಮೆಯ ಪರಿಹಾರಕ್ಕೂ ಪರದಾಡಬೇಕಾದೀತು. ಕಡಿಮೆ ಬಾಡಿಗೆಯ ಆಸೆಗೆ ಈ ವಿಷಯವನ್ನು ಕಡೆಗಣಿಸಬಾರದಾಗಿ ಕೋರಲಾಗಿದೆ.

ವ್ಯಾನು ಅಥವಾ ಮಿನಿಬಸ್ಸನ್ನು ಖರೀದಿಸಿ ಆಸನಗಳನ್ನು ತೆಗೆದು ಮಂಚ, ಒಲೆ, ನೀರಿನ ತೊಟ್ಟಿ ಅಳವಡಿಸುವುದು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಪ್ರಕರಣದಡಿ ಮಾರ್ಪಾಡು ಎನಿಸುತ್ತದೆ. ಇದಕ್ಕೆ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆದು, ನೋಂದಣಿ ಪತ್ರದಲ್ಲಿ ಆಸನ ಸಂಖ್ಯೆಯನ್ನು ತಿದ್ದಿಸಿಕೊಳ್ಳುವುದು ಕಡ್ಡಾಯ. ಕಾರ್ಖಾನೆಯಲ್ಲಿಯೇ ತಯಾರಾಗುವ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನಕವಿದೆ. ಈ ತಿದ್ದುಪಡಿಯು ಕೇವಲ ಕಾಗದದ ವಿಧಿಯಲ್ಲ; ಟೋಲ್ ಶುಲ್ಕವೂ ಇದನ್ನೇ ಅವಲಂಬಿಸಿದೆ ಎಂಬುದು ಮುಂದೆ ತಿಳಿದುಬರುವುದು.

ಚಾಲನಾ ಅನುಜ್ಞಾಪತ್ರದ ಬಗ್ಗೆ: ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ವಾಹನಕ್ಕೆ ಲಘು ಮೋಟಾರು ವಾಹನದ ಅನುಜ್ಞಾಪತ್ರ ಸಾಕು. ಈ ಮಿತಿಯೊಳಗಿನ ಸಾರಿಗೆ ವಾಹನಕ್ಕೂ ಇದೇ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿದೆ.

ಟೋಲ್ ಶುಲ್ಕದ ಲೆಕ್ಕಾಚಾರ

ರಾಷ್ಟ್ರೀಯ ಹೆದ್ದಾರಿಗಳ ಶುಲ್ಕವನ್ನು 2008ರ ಶುಲ್ಕ ನಿಯಮಗಳಂತೆ ನಿಗದಿಪಡಿಸಲಾಗುತ್ತದೆ. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ, ಅಥವಾ ಚಾಲಕನ ಹೊರತು 12 ಪ್ರಯಾಣಿಕರನ್ನು ಮೀರದ ವಾಹನವು ಕಾರು, ಜೀಪು, ವ್ಯಾನುಗಳ ವರ್ಗಕ್ಕೆ ಸೇರುತ್ತದೆ. 12ಕ್ಕಿಂತ ಹೆಚ್ಚು ಹಾಗೂ 32ರವರೆಗೆ ಆಸನವುಳ್ಳದ್ದು ಮಿನಿಬಸ್ಸು. ಅದಕ್ಕೂ ಮೇಲ್ಪಟ್ಟದ್ದು ಬಸ್ಸು. 2007-08ರ ಮೂಲದರವು ನಾಲ್ಕು ಪಥದ ರಸ್ತೆಗೆ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಮಿನಿಬಸ್ಸಿಗೆ 1 ರೂಪಾಯಿ 5 ಪೈಸೆ, ಬಸ್ಸಿಗೆ 2 ರೂಪಾಯಿ 20 ಪೈಸೆಯಾಗಿತ್ತು. ದರಗಳು ಪ್ರತಿವರ್ಷ ಪರಿಷ್ಕೃತಗೊಂಡರೂ ಇವುಗಳ ನಡುವಣ ಅನುಪಾತ ಹಾಗೆಯೇ ಉಳಿದಿದೆ. ಅಂದರೆ, ಆಸನಗಳನ್ನು ತೆಗೆದಿದ್ದರೂ ನೋಂದಣಿ ಪತ್ರದಲ್ಲಿ ಹಳೆಯ ಸಂಖ್ಯೆಯೇ ಉಳಿದಿರುವ ವಾಹನದ ಮಾಲೀಕರು ಪ್ರತಿ ಟೋಲ್‌ನಲ್ಲಿಯೂ ಕಾರಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಶುಲ್ಕ ತೆರುವ ಸಂಭವವಿದೆ. ಮೊದಲು ನೋಂದಣಿ ಪತ್ರ, ಬಳಿಕ ಅದಕ್ಕೆ ಹೊಂದುವ ಫಾಸ್ಟ್ಯಾಗ್ ಎಂಬ ಕ್ರಮವನ್ನು ಅನುಸರಿಸುವುದು ಲೇಸು.

2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದೆ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಊರ್ಜಿತ ಫಾಸ್ಟ್ಯಾಗ್ ಇಲ್ಲದವರು ನಗದು ಪಾವತಿಸಿದರೆ ಶುಲ್ಕದ ಎರಡು ಪಟ್ಟು, ಯುಪಿಐ ಮೂಲಕ ಪಾವತಿಸಿದರೆ ಒಂದೂಕಾಲು ಪಟ್ಟು ತೆರಬೇಕು. 24 ಗಂಟೆಗಳೊಳಗೆ ಹಿಂದಿರುಗುವವರಿಗೆ ಹೋಗಿಬರುವ ಶುಲ್ಕವು ಒಂದು ಕಡೆಯ ಶುಲ್ಕದ ಒಂದೂವರೆ ಪಟ್ಟು ಮಾತ್ರ. ಆದರೆ ಕ್ಯಾರವಾನ್ ಪ್ರವಾಸಿಗರು ಒಂದೇ ದಿನದಲ್ಲಿ ಮರಳುವುದು ಅಪರೂಪವಾದ್ದರಿಂದ ಈ ರಿಯಾಯಿತಿಯನ್ನು ನೆಚ್ಚಿ ಲೆಕ್ಕ ಹಾಕುವಂತಿಲ್ಲ. 2025ರ ಆಗಸ್ಟ್ 15ರಂದು 3,000 ರೂಪಾಯಿ ಶುಲ್ಕದೊಂದಿಗೆ ಆರಂಭವಾದ ವಾರ್ಷಿಕ ಪಾಸು 200 ಸಂಚಾರ ಅಥವಾ ಒಂದು ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ ಸಲ್ಲುತ್ತದೆ. ಇದು ವಾಣಿಜ್ಯೇತರ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ರಾಷ್ಟ್ರೀಯ ಹೆದ್ದಾರಿ ಹಾಗೂ ರಾಷ್ಟ್ರೀಯ ಎಕ್ಸ್‌ಪ್ರೆಸ್ ಮಾರ್ಗಗಳಲ್ಲಿ ಮಾತ್ರ ಇದು ನಡೆಯುವುದು. ರಾಜ್ಯ ಹೆದ್ದಾರಿಯ ಟೋಲ್‌ಗಳಿಗೂ ಬೆಂಗಳೂರಿನ ನೈಸ್ ರಸ್ತೆಯಂತಹ ಖಾಸಗಿ ಮಾರ್ಗಗಳಿಗೂ ಅನ್ವಯಿಸದು.

ಉದಾಹರಣೆಯ ಮಾರ್ಗದಲ್ಲಿ, 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಬಿಡದಿ ಸಮೀಪ ಒಂದು, ಶ್ರೀರಂಗಪಟ್ಟಣ ಸಮೀಪದ ಗಣಂಗೂರಿನಲ್ಲಿ ಮತ್ತೊಂದು ಟೋಲ್ ಇವೆ. ಮೈಸೂರು ದಾಟಿದ ಬಳಿಕ ನಂಜನಗೂಡು ದಾರಿಯಲ್ಲಿ ಕಡಕೊಳದ ಬಳಿ ಇನ್ನೊಂದಿದೆ. ಶುಲ್ಕ ಉಳಿಸಲು ಸರ್ವಿಸ್ ರಸ್ತೆಯಲ್ಲಿ ಸಾಗಬಯಸುವವರನ್ನು ತಡೆಯುವ ನಿಯಮವಿಲ್ಲ. ಆದರೆ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ಪ್ರವೇಶ ನಿಷೇಧಿಸಿರುವುದರಿಂದ ಅವೆಲ್ಲವೂ ಸರ್ವಿಸ್ ರಸ್ತೆಯಲ್ಲಿಯೇ ಸಂಚರಿಸುತ್ತವೆ. ಎತ್ತರದ, ಭಾರವಾದ ವಾಹನಕ್ಕೆ ಆ ದಾರಿ ಹಿತಕರವಲ್ಲ. ಉಳಿಯುವ ಹಣಕ್ಕಿಂತ ಕಳೆದುಹೋಗುವ ಗಂಟೆಗಳೇ ಅಧಿಕ, ಮತ್ತು ಈ ಮಾರ್ಗದಲ್ಲಿ ಗಂಟೆಯ ಲೆಕ್ಕವೇ ಮುಖ್ಯ.

ಅರಣ್ಯ ಮಾರ್ಗದ ರಾತ್ರಿ ನಿರ್ಬಂಧ

ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಹಾದುಹೋಗುವ ಎರಡು ಹೆದ್ದಾರಿಗಳಲ್ಲಿ, ಅಂದರೆ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಹಾಗೂ ಉದಕಮಂಡಲದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 181ರಲ್ಲಿ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ವಾಹನಗಳಿಗೆ ಸಿಲುಕಿ ವನ್ಯಪ್ರಾಣಿಗಳು ಸಾಯುತ್ತಿದ್ದುದನ್ನು ತಡೆಯಲು ಚಾಮರಾಜನಗರ ಜಿಲ್ಲಾಡಳಿತವು 2009ರಲ್ಲಿ ಹೊರಡಿಸಿದ ಈ ಆದೇಶವನ್ನು 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಆಂಬ್ಯುಲೆನ್ಸ್ ಹಾಗೂ ನಿಗದಿತ ಸಂಖ್ಯೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ ಇದೆ. ಹೋಟೆಲ್ ಕಾಯ್ದಿರಿಸಿದ್ದೇವೆ, ಮಕ್ಕಳಿದ್ದಾರೆ ಎಂಬ ಕಾರಣಗಳಿಂದ ಗೇಟು ತೆರೆಯುವುದಿಲ್ಲ.

ಮಧ್ಯಾಹ್ನ 4ಕ್ಕೆ ಬೆಂಗಳೂರು ಬಿಡುವವರು ರಾತ್ರಿ 9ರೊಳಗೆ ಗೇಟು ತಲುಪುವೆವೆಂದು ಭಾವಿಸುವುದುಂಟು. ನಗರದ ಸಂಜೆಯ ದಟ್ಟಣೆ, ಊಟದ ನಿಲುಗಡೆ, ಮೈಸೂರಿನಿಂದ ಗುಂಡ್ಲುಪೇಟೆಯವರೆಗಿನ ಸುಮಾರು 60 ಕಿಲೋಮೀಟರ್ ಇವನ್ನು ಕೂಡಿಸಿದರೆ ಆ ಭರವಸೆ ತೀರಾ ತೆಳುವಾದುದು. 8 ಗಂಟೆ 50 ನಿಮಿಷಕ್ಕೆ ಗೇಟು ಹೊಕ್ಕವರು ಸಮಯದ ಒತ್ತಡದಲ್ಲಿ ಆನೆ, ಜಿಂಕೆಗಳು ದಾಟುವ ರಸ್ತೆಯಲ್ಲಿ ವೇಗವಾಗಿ ಸಾಗುವರು. ನಿರ್ಬಂಧದ ಉದ್ದೇಶವೇ ಇದರಿಂದ ವಿಫಲವಾಗುತ್ತದೆ. ಆದುದರಿಂದ ಮೈಸೂರು ಅಥವಾ ಗುಂಡ್ಲುಪೇಟೆಯಲ್ಲಿ ತಂಗಿ, ಬೆಳಿಗ್ಗೆ ಅರಣ್ಯ ಪ್ರವೇಶಿಸುವಂತೆ ಯೋಜಿಸುವುದು ಸೂಕ್ತ. ಮಲಗುವ ಸೌಕರ್ಯ ವಾಹನದಲ್ಲಿಯೇ ಇರುವವರಿಗೆ ಇದು ಕಷ್ಟವೂ ಅಲ್ಲ.

ಕೇರಳದ ಕಡೆಗೆ ರಾತ್ರಿ ಹೋಗಲೇಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಮಾರ್ಗವು ಪರ್ಯಾಯವಾಗಿದೆ. ನಾಗರಹೊಳೆಯನ್ನು ಹಾದು ಬಾವಲಿಯ ಮೂಲಕ ಹೋಗುವ ರಸ್ತೆಯು ಸಂಜೆ 6ಕ್ಕೇ ಮುಚ್ಚುವುದರಿಂದ ಅದನ್ನು ಪರ್ಯಾಯವೆಂದು ಭಾವಿಸಬಾರದು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳಿದ್ದು, ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಿಂದ ಅಲ್ಲಿಯೂ ರಾತ್ರಿ ಸಂಚಾರ ನಿರ್ಬಂಧಿತವಾಗಿದೆ. ದೊಡ್ಡ ಕ್ಯಾರವಾನ್‌ಗಳವರು ಸೇಲಂ, ಕೊಯಮತ್ತೂರು, ಮೇಟ್ಟುಪಾಳಯಂ ಮಾರ್ಗವನ್ನೂ ಪರಿಶೀಲಿಸಬಹುದು. ಅದು ದೂರವೂ ಹೌದು, ಟೋಲ್‌ಗಳೂ ಹೆಚ್ಚು. ಆದರೆ ಹುಲಿ ಸಂರಕ್ಷಿತ ಪ್ರದೇಶದ ಗೇಟಿನ ಗಡಿಯಾರವು ಅಲ್ಲಿ ಬೆನ್ನಟ್ಟುವುದಿಲ್ಲ.

ಅರಣ್ಯದ ನಡುವೆ ವಾಹನ ನಿಲ್ಲಿಸುವುದು, ಇಳಿಯುವುದು, ಪ್ರಾಣಿಗಳಿಗೆ ತಿನಿಸು ನೀಡುವುದು ನಿಷಿದ್ಧ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಛಾಯಾಚಿತ್ರಕ್ಕಾಗಿ ಕಾಡಾನೆಯ ಸಮೀಪಕ್ಕೆ ಹೋದ ವ್ಯಕ್ತಿಯೊಬ್ಬರು ಆನೆಯ ದಾಳಿಗೊಳಗಾಗಿ ಗಾಯಗೊಂಡರು; ಅವರಿಗೆ 25,000 ರೂಪಾಯಿ ದಂಡವನ್ನೂ ವಿಧಿಸಲಾಯಿತು.

ನೀಲಗಿರಿ ಪ್ರವೇಶ ಹಾಗೂ ಘಟ್ಟದ ರಸ್ತೆಗಳು

ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಜಾರಿಗೆ ಬಂದಿತು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯನ್ನು ವಿಧಿಸಲಾಗಿತ್ತು. ದಿನಾಂಕ ನಿಶ್ಚಯಿಸುವ ಮುನ್ನವೇ ತಮಿಳುನಾಡು ಸರ್ಕಾರದ ಇ-ಪಾಸ್ ಜಾಲತಾಣವನ್ನು ನೋಡತಕ್ಕದ್ದು. ಕುಡಿಯುವ ನೀರಿನ ಸಣ್ಣ ಪ್ಲಾಸ್ಟಿಕ್ ಬಾಟಲಿಗಳಿಗೂ ಆ ಜಿಲ್ಲೆಯಲ್ಲಿ ನಿಷೇಧವಿದೆ. ಮಸಿನಗುಡಿಯಿಂದ ಏರುವ ಕಲ್ಲಟ್ಟಿ ಘಟ್ಟವು 36 ತಿರುವುಗಳ ಅತಿ ಕಡಿದಾದ ದಾರಿ. ಭಾರದ ವಾಹನಗಳು ಗೂಡಲೂರು ಮಾರ್ಗವನ್ನೇ ಹಿಡಿಯಬೇಕು.

ರಾಜ್ಯದೊಳಗಿನ ಘಟ್ಟಗಳ ವಿಷಯದಲ್ಲಿ, ಮಳೆಗಾಲದಲ್ಲಿ ಯಾವುದೇ ಮುದ್ರಿತ ನಕ್ಷೆಯನ್ನು ನಂಬುವಂತಿಲ್ಲ. 2018ರಲ್ಲಿ ಮಡಿಕೇರಿ-ಸಂಪಾಜೆ, 2019ರಲ್ಲಿ ಚಾರ್ಮಾಡಿ, 2024ರಲ್ಲಿ ಶಿರಾಡಿ ಮಾರ್ಗಗಳು ಭೂಕುಸಿತದಿಂದ ಸ್ಥಗಿತಗೊಂಡಿದ್ದವು. 14 ತಿರುವುಗಳ ಆಗುಂಬೆಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳನ್ನು ನಿರ್ಬಂಧಿಸುವುದು ರೂಢಿ. ಆಯಾ ಜಿಲ್ಲಾಧಿಕಾರಿಗಳ ಆದೇಶವನ್ನು ಹೊರಡುವ ದಿನವೇ ವಿಚಾರಿಸಬೇಕು. ಸಿಗಂದೂರಿಗೆ ಹೋಗುವವರು ಈಗ ಲಾಂಚಿಗಾಗಿ ಕಾಯಬೇಕಾಗಿಲ್ಲ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯು 2025ರ ಜುಲೈ 14ರಂದು ಲೋಕಾರ್ಪಣೆಗೊಂಡಿದೆ.

ಅಡುಗೆ ಅನಿಲ

ಈ ವಿಷಯವನ್ನು ನಾಗರಿಕರು ವಿಶೇಷ ಗಮನವಿಟ್ಟು ಓದಬೇಕೆಂದು ಕೋರಲಾಗಿದೆ. ಎಲ್‌ಪಿಜಿ ಎಂಬುದು ಪ್ರೊಪೇನ್ ಹಾಗೂ ಬ್ಯುಟೇನ್‌ಗಳ ಮಿಶ್ರಣ. ಗಾಳಿಗಿಂತ ಭಾರವಾದ ಕಾರಣ ಸೋರಿದ ಅನಿಲವು ಮೇಲೇರದೆ ವಾಹನದ ತಳದಲ್ಲಿ ಶೇಖರವಾಗುತ್ತದೆ. ಮೇಲಿನ ಕಿಟಕಿ ತೆರೆದಿದ್ದರೆ ಸಾಕೆಂಬ ನಂಬಿಕೆ ತಪ್ಪು. ಸಿಲಿಂಡರ್ ಇರಿಸುವ ಕೋಶದ ನೆಲಮಟ್ಟದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲೇಬೇಕು, ಮತ್ತು ಆ ಕೋಶವು ಮಲಗುವ ಭಾಗದಿಂದ ಪ್ರತ್ಯೇಕವಾಗಿರಬೇಕು.

14.2 ಕಿಲೋಗ್ರಾಂನ ಗೃಹಬಳಕೆಯ ಸಿಲಿಂಡರ್ ನೋಂದಾಯಿತ ಮನೆಯ ಅಡುಗೆಗಾಗಿ ನೀಡಿದ್ದು. ಅದನ್ನು ಬಾಡಿಗೆ ವಾಹನಗಳಲ್ಲಿ ಬಳಸುವುದು 2000ನೇ ಇಸವಿಯ ಎಲ್‌ಪಿಜಿ ಸರಬರಾಜು ಆದೇಶದ ಉಲ್ಲಂಘನೆ. ಪ್ರವಾಸಕ್ಕೆ 5 ಕಿಲೋಗ್ರಾಂನ ಮುಕ್ತ ಮಾರಾಟದ ಸಿಲಿಂಡರ್ ತಕ್ಕುದು. ವಿತರಕರಲ್ಲಿಯೂ ಆಯ್ದ ಪೆಟ್ರೋಲ್ ಬಂಕುಗಳಲ್ಲಿಯೂ ಗುರುತಿನ ಚೀಟಿ ತೋರಿಸಿ ಪಡೆಯಬಹುದು. ವಿಳಾಸದ ಪುರಾವೆ ಬೇಕಿಲ್ಲ. ಕೊಳ್ಳುವಾಗ ಕೊರಳಪಟ್ಟಿಯ ಮೇಲಿನ ಪರೀಕ್ಷಾ ಅವಧಿಯ ಗುರುತನ್ನು ನೋಡಬೇಕು. ಎ, ಬಿ, ಸಿ, ಡಿ ಅಕ್ಷರಗಳು ವರ್ಷದ ನಾಲ್ಕು ತ್ರೈಮಾಸಿಕಗಳನ್ನು ಸೂಚಿಸುತ್ತವೆ. ಸಿ-27 ಎಂದಿದ್ದರೆ 2027ರ ಸೆಪ್ಟೆಂಬರ್‌ವರೆಗೆ ಬಳಸಬಹುದೆಂದರ್ಥ. ದಾರಿಬದಿಯ ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಅನಿಲ ತುಂಬಿಸುವುದು ಕಾನೂನುಬಾಹಿರ ಹಾಗೂ ಅಪಾಯಕರ.

ಚಲಿಸುವಾಗ ಸಿಲಿಂಡರ್ ನೆಟ್ಟಗೆ, ಅಲುಗದಂತೆ ಬಿಗಿದಿರಬೇಕು; ರೆಗ್ಯುಲೇಟರ್ ಮುಚ್ಚಿರಬೇಕು. ರಬ್ಬರ್ ಕೊಳವೆಯನ್ನು ಮನೆಯಲ್ಲಿ ಐದು ವರ್ಷಕ್ಕೊಮ್ಮೆ ಬದಲಿಸುವುದು ಪದ್ಧತಿ; ಸದಾ ಅಲುಗಾಡುವ ವಾಹನದಲ್ಲಿ ಪ್ರತಿ ಪ್ರವಾಸಕ್ಕೂ ಮುನ್ನ ಸಾಬೂನಿನ ನೊರೆ ಹಚ್ಚಿ ಪರೀಕ್ಷಿಸುವುದು ಅವಶ್ಯ. ಪೆಟ್ರೋಲ್ ಬಂಕು ಪ್ರವೇಶಿಸುವ ಮೊದಲೇ ಒಲೆ ಆರಿರಬೇಕು. ವನ್ಯಜೀವಿ ಕಾಯ್ದೆ, 1972ರ 30ನೇ ಪ್ರಕರಣದಂತೆ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು ಅಪರಾಧ. 2019ರ ಫೆಬ್ರವರಿಯಲ್ಲಿ ಬಂಡೀಪುರವನ್ನು ಸುಟ್ಟ ಕಾಳ್ಗಿಚ್ಚಿನ ನೆನಪಿರುವವರಿಗೆ ಈ ನಿಯಮದ ಅಗತ್ಯವನ್ನು ವಿವರಿಸಬೇಕಿಲ್ಲ. ಚಹಾ ಕಾಯಿಸುವುದಾದರೂ ಗೇಟಿನ ಈಚೆಗೇ ಮುಗಿಸಿಕೊಳ್ಳಬೇಕು.

ಪ್ರವಾಸದ ಒಂದು ಭಾಗವನ್ನು ರೈಲಿನಲ್ಲಿ ಕ್ರಮಿಸುವವರು ಸಿಲಿಂಡರನ್ನು, ಖಾಲಿ ಇದ್ದರೂ, ಒಯ್ಯಲಾಗದು. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದ ಬಳಿ ನಿಂತಿದ್ದ ಖಾಸಗಿ ಪ್ರವಾಸಿ ಬೋಗಿಯಲ್ಲಿ ಅಕ್ರಮವಾಗಿ ಸಾಗಿಸಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಮಂದಿ ಯಾತ್ರಿಕರು ಮೃತಪಟ್ಟರು.

ರಾತ್ರಿ ತಂಗುವಾಗ

ಮುಚ್ಚಿದ ವಾಹನದಲ್ಲಿ ಎಂಜಿನ್ ಅಥವಾ ಜನರೇಟರ್ ಚಾಲನೆಯಲ್ಲಿಟ್ಟು ಹವಾನಿಯಂತ್ರಣದಲ್ಲಿ ಮಲಗುವುದು ಮಾರಣಾಂತಿಕವಾಗಬಹುದು. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಹೊಕ್ಕಿದ್ದೇ ಕಾರಣವೆಂದು ತಜ್ಞರ ಪರಿಶೀಲನೆಯಿಂದ ತಿಳಿದುಬಂದಿತು. ಎಲ್‌ಪಿಜಿಗೆ ಸೋರಿಕೆ ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ; ಈ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಎಚ್ಚರಗೊಳ್ಳುವುದೇ ಇಲ್ಲ. ಆದುದರಿಂದ ಜನರೇಟರನ್ನು ವಾಹನದಿಂದ ದೂರ, ಗಾಳಿ ಬೀಸುವ ದಿಕ್ಕಿಗೆ ಅನುಗುಣವಾಗಿ ಇರಿಸಬೇಕು; ಕಾರ್ಬನ್ ಮಾನಾಕ್ಸೈಡ್ ಸೂಚಕ ಯಂತ್ರವನ್ನು ಮಲಗುವ ಭಾಗದಲ್ಲಿ ಅಳವಡಿಸಬೇಕು. ಚಳಿಯ ಊರಿನಲ್ಲಿ ಬೆಚ್ಚಗಾಗಲು ಒಳಗೆ ಗ್ಯಾಸ್ ಒಲೆಯನ್ನಾಗಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಾಗಲಿ ಉರಿಸಕೂಡದು.

ತುರ್ತು ಸಂಪರ್ಕ

ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತ, ವಾಹನ ಕೆಡುವಿಕೆ ಅಥವಾ ಟೋಲ್ ದೂರುಗಳಿಗೆ 1033, ಅನಿಲ ಸೋರಿಕೆಗೆ 1906, ಅರಣ್ಯ ಇಲಾಖೆಗೆ 1926 ಹಾಗೂ ಪೊಲೀಸ್, ಅಗ್ನಿಶಾಮಕ ಮತ್ತಿತರ ಯಾವುದೇ ತುರ್ತು ನೆರವಿಗೆ 112 ಸಂಖ್ಯೆಗಳನ್ನು ಸಂಪರ್ಕಿಸಬಹುದು. ಅರಣ್ಯದೊಳಗೆ ಮೊಬೈಲ್ ಸಂಪರ್ಕ ಎಲ್ಲೆಡೆ ದೊರೆಯದಿರುವ ಕಾರಣ, ವಾಹನ ಕೆಟ್ಟು ನಿಂತಲ್ಲಿ ಕೆಳಗಿಳಿಯದೆ, ಬರುವ ಬಸ್ಸಿನ ಅಥವಾ ಅರಣ್ಯ ಇಲಾಖೆಯ ವಾಹನದ ಸಿಬ್ಬಂದಿಯ ಮೂಲಕ ಮುಂದಿನ ಗೇಟಿಗೆ ಸುದ್ದಿ ಮುಟ್ಟಿಸತಕ್ಕದ್ದು.